ದೆವ್ವಕ್ಕೆ ತೆರೆದ ಬಚ್ಚಲ ಬಾಗಿಲು

ಬಚ್ಚಲ ಬಾಗಿಲು ಕಿರುಗುಟ್ಟುತ್ತದೆ ಅಂತ ಯಾರಾದರೂ ಹೆಮ್ಮೆ ಪಡುತ್ತಾರೆಯೇ? ಸದ್ದಣ್ಣ ಪಡುತ್ತಿದ್ದ.

ರೇಡಿಯೋ ನಾಟಕಗಳಿಗೆ ಸದ್ದು ಮಾಡಿಕೊಡುವುದು ಅವನ ಕೆಲಸ. ತೆಂಗಿನ ಚಿಪ್ಪು ಕುಟ್ಟಿದರೆ ಕುದುರೆ, ತಗಡು ಅಲ್ಲಾಡಿಸಿದರೆ ಗುಡುಗು. ಹನ್ನೆರಡು ವರ್ಷ ಕುಟ್ಟಿ ಕುಟ್ಟಿ ಸಾಕಾಗಿ, ತಾನೇ ಒಂದು ದೆವ್ವದ ನಾಟಕ ಬರೆದಿದ್ದ. ಇವತ್ತು ಸಂಜೆ ನಾಲ್ಕಕ್ಕೆ ನೇರ ಪ್ರಸಾರ!

"ಕೇಳುಗರು ಮೆಚ್ಚಿ ಫೋನ್ ಮಾಡಿದ್ರೆ ಸದ್ದಿನ ಕೋಣೆಯಿಂದ ನಿನಗೆ ಬಿಡುಗಡೆ ಕಣಯ್ಯ," ಎಂದು ನಿರ್ದೇಶಕರು ಮಾತು ಕೊಟ್ಟಿದ್ದರು. ಸದ್ದಣ್ಣನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಾಟಕದ ಜೀವವೆಲ್ಲ ದೆವ್ವ ಒಳಗೆ ಬರುವಾಗಿನ 'ಕಿರ್‍ರ್‍ರ್'ನಲ್ಲಿತ್ತು. ಅಂಥ ಸದ್ದು ಇದ್ದದ್ದು ಅವನ ಬಚ್ಚಲ ಬಾಗಿಲಿಗೆ ಮಾತ್ರ. ಬೆಳಿಗ್ಗೆಯೇ ಅದನ್ನು ಚೌಕಟ್ಟಿನ ಸಮೇತ ಕೀಳಲು ನಿಂತ.

"ರೀ, ಸ್ನಾನಕ್ಕೇನು ಗತಿ?" ಹೆಂಡತಿ ಕೂಗಿದಳು.

"ಪರದೆ ಕಟ್ಕೊಳ್ಳೇ! ನಾಳೆಯಿಂದ ನೀನು ನಾಟಕಕಾರನ ಹೆಂಡ್ತಿ!"

ಪಕ್ಕದ ಮನೆಯ ಬಡಗಿ ಮಾವ ಕರೆಯದಿದ್ದರೂ ಓಡಿ ಬಂದರು. ಬಾಗಿಲು ಕಿತ್ತದ್ದೂ ಅವರೇ, ಸ್ಟುಡಿಯೋಗೆ ಹೊತ್ತು ತಂದು ನಿಲ್ಲಿಸಿದ್ದೂ ಅವರೇ. ಎಷ್ಟು ಒಳ್ಳೆಯ ಮನುಷ್ಯ ಅಂತೀರಿ!

ನಾಲ್ಕು ಗಂಟೆ. ದೆವ್ವದ ಪಾತ್ರ ಮಾಡುತ್ತಿದ್ದ ನಟಿ ಮೈಕಿನ ಮುಂದೆ "ಬಂದೇ... ಬಂದೇ..." ಎಂದು ನರಳಿದಳು. ಸದ್ದಣ್ಣ ಬಾಗಿಲು ಎಳೆದ. ಅದು ತುಟಿಪಿಟಿಕ್ ಅನ್ನಲಿಲ್ಲ. ಮತ್ತೆ ಎಳೆದ. ಊಹೂಂ. ಗಾಜಿನಾಚೆ ಬಡಗಿ ಮಾವ ಹಲ್ಲುಕಿರಿಯುತ್ತಾ ಎಣ್ಣೆ ಡಬ್ಬಿ ಎತ್ತಿ ತೋರಿಸಿದರು.

ಅಯ್ಯೋ, ಕೆಟ್ಟೆ!

ಸದ್ದಣ್ಣ ಮೈಕಿಗೆ ಬಾಯಿಟ್ಟು ತಾನೇ "ಕಿರ್‍ರ್‍ರ್" ಅಂದ. ಅರ್ಧದಲ್ಲಿ ಉಸಿರು ಕಟ್ಟಿತು. ಬಾಗಿಲು ಕೆಮ್ಮಿತು. ಎರಡು ಸಲ. ಆಮೇಲೆ ಅಭ್ಯಾಸಬಲದಿಂದ "ಕ್ಷಮಿಸಿ" ಅಂದಿತು.

ದೆವ್ವ ಗೊಳ್ಳನೆ ನಕ್ಕಿತು. ಹೆದರಿ ನಡುಗಬೇಕಿದ್ದ ಯಜಮಾನನ ಪಾತ್ರದವನು, "ಪರವಾಗಿಲ್ಲ ಬಾಗಿಲೇ, ಸ್ವಲ್ಪ ನೀರು ಕುಡೀತೀಯಾ?" ಎಂದುಬಿಟ್ಟ.

ಮುಗಿಯಿತು ತನ್ನ ಕತೆ ಎಂದು ಸದ್ದಣ್ಣ ತಲೆ ಮೇಲೆ ಕೈಹೊತ್ತು ಕೂತ. ಪ್ರಸಾರ ಮುಗಿದದ್ದೇ ತಡ, ಫೋನುಗಳು ಒಂದೇ ಸಮನೆ ಬಡಿದುಕೊಳ್ಳತೊಡಗಿದವು. ನಿರ್ದೇಶಕರು ಏದುಸಿರು ಬಿಡುತ್ತಾ ನುಗ್ಗಿದರು.

"ಹೆದರ್‍ತಾ ಹೆದರ್‍ತಾನೇ ನಕ್ಕರಂತೆ ಕಣಯ್ಯ! ದೆವ್ವದ ನಾಟಕ ಬೇರೆ, ಹಾಸ್ಯ ನಾಟಕ ಬೇರೆ ಅಂತ ಇಷ್ಟು ವರ್ಷ ಗೋಡೆ ಕಟ್ಕೊಂಡು ಕೂತಿದ್ವಲ್ಲ! ಕಿವಿಗೆ ಆ ಗೋಡೆ ಕಾಣುತ್ತಾ? ಇದು ಹೊಸ ಜಾತಿ ನಾಟಕ! ಇನ್ಮೇಲೆ ಪ್ರತಿ ವಾರ!"

"ಹಾಗಾದ್ರೆ ಸಾರ್, ನಾನು ಸದ್ದಿನ ಕೋಣೆಯಿಂದ..."

"ಆಚೆ! ಕೊಟ್ಟ ಮಾತು ಮಾತೇ. ಮುಖ್ಯ ಪಾತ್ರವೇ ನಿಂದು. ಫೋನ್ ಮಾಡಿದವರೆಲ್ಲ ನಿನ್ನನ್ನೇ ಕೇಳ್ತಿದಾರೆ."

"ಯಾವ ಪಾತ್ರ ಸಾರ್?"

"ಬಾಗಿಲು!"

ಸದ್ದಣ್ಣ ಕೂತಲ್ಲಿಂದ ಎದ್ದ. "ಮತ್ತೆ... ಬರೆಯೋದು?"

"ಎಣ್ಣೆ ಹಾಕೋ ಐಡಿಯಾ ಯಾರಿಗೆ ಹೊಳೀತೋ ಅವರೇ ಬರೀತಾರೆ," ಎಂದು ನಿರ್ದೇಶಕರು ಹಿಂದಕ್ಕೆ ತಿರುಗಿದರು.

ಅವರ ಬೆನ್ನಿಗೇ ಒಳಬಂದಿದ್ದ ಬಡಗಿ ಮಾವ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ಆಗಲೇ ಕೈಗೆ ತೆಗೆದುಕೊಂಡಿದ್ದರು.

"ಏನೂ ಯೋಚಿಸ್ಬೇಡಪ್ಪ," ಎಂದರು ಅವರು. "ಮುಂದಿನ ವಾರ ನಿನಗೆ ಕಿಟಕಿ ಪಾತ್ರಾನೂ ಇಟ್ಟಿದೀನಿ."