ಬೆಟ್ಟ ತೂಗಿದವಳು

ನಮ್ಮ ದೊಡ್ಡಪ್ಪನ ಮಗಳನ್ನು ನೀವು ಮನೆಗೆ ಕರೆದು ಕುರ್ಚಿ ಕೊಟ್ಟರೆ ಆಕೆ ತಕ್ಷಣ ಕೂರುವುದಿಲ್ಲ. ಕುರ್ಚಿ ಇದೆಯೇ ಎಂದು ಮೊದಲು ಯೋಚಿಸುತ್ತಾಳೆ! ಧೂಳಿದೆಯೇ, ಕಾಲು ಅಲ್ಲಾಡುತ್ತದೆಯೇ ಎಂದೆಲ್ಲ ಅಲ್ಲ. ನಿಜವಾಗಿಯೂ ಇದೆಯೇ ಎಂದು. ಇಂಥವಳು ಮಧುಗಿರಿಯಲ್ಲಿ ಹೇಗೆ ಹುಟ್ಟಿದಳೋ! ಇಲ್ಲಿ ಕಿಟಕಿ ತೆರೆದರೆ ಅಷ್ಟೆತ್ತರದ ಬೋಳು ಬಂಡೆ ನೇರವಾಗಿ ಕಣ್ಣಿಗೇ ಬಂದು ಕೂರುತ್ತದೆ. ಅದು ಇದೆಯೋ ಇಲ್ಲವೋ ಎಂಬ ಸಂಶಯ ಈ ಊರಿನಲ್ಲಿ ಇದುವರೆಗೆ ಯಾರಿಗೂ ಬಂದಂತಿಲ್ಲ.

ನನಗಿಂತ ಸ್ವಲ್ಪ ದೊಡ್ಡವಳಾದ್ದರಿಂದ ಅವಳು ಅಕ್ಕ. ನಮ್ಮ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ನಾನು ಡೈರಿ ಬರೆಯುವವಳು. ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಅಕ್ಕನಿಗೆ ನನ್ನ ಡೈರಿಯ ಮೇಲೂ ನಂಬಿಕೆಯಿಲ್ಲ. "ನೀನು ಬರ್ದಿರೋದು ನಡೆದಿದ್ದಲ್ಲ ಕಣೇ, ನಡೀತು ಅಂತ ನಿನಗನ್ಸಿದ್ದು" ಎನ್ನುತ್ತಾಳೆ. ಹಾಗಾಗಿ ಮುಂದೆ ಹೇಳುವುದನ್ನೆಲ್ಲ ನೀವೂ ಆ ಕುರ್ಚಿಯಂತೆ ಒಮ್ಮೆ ತಟ್ಟಿ ನೋಡಿಕೊಂಡೇ ಕೂರುವುದು ಒಳ್ಳೆಯದು.

ಅಕ್ಕನಿಗೆ ಮೆಡಿಕಲ್ ಸೀಟು ಸಿಕ್ಕಿತ್ತು. ದೊಡ್ಡಪ್ಪ ಇಲ್ಲಿನ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಆಧಾರವಿಲ್ಲದೆ ಒಂದು ಮಾತನ್ನೂ ಆಡಿದವರಲ್ಲ. ಅಂಥವರು ಆ ದಿನ ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಎದುರಾದವರಿಗೆಲ್ಲ "ನಮ್ಮ ಮಗಳು ಡಾಕ್ಟ್ರು" ಎಂದು ಹೇಳಿಕೊಂಡು ಬಂದರು. ಅವಳಿನ್ನೂ ಕಾಲೇಜಿನ ಗೇಟನ್ನೂ ನೋಡಿರಲಿಲ್ಲ! ಮುಂದಿನ ಕೋಣೆಯನ್ನು ಕ್ಲಿನಿಕ್ಕಿಗೆಂದು ಖಾಲಿ ಮಾಡಿಸಿದರು. ಕಾದು ಕೂರುವ ರೋಗಿಗಳಿಗಾಗಿ ಬೇವಿನ ಮರದಲ್ಲಿ ಉದ್ದನೆಯ ಬೆಂಚು ಮಾಡಿಸಿದರು. ಆ ರೋಗಿಗಳಿಗೆ ಕಾಯಿಲೆ ಬರಲು ಇನ್ನೂ ಐದಾರು ವರ್ಷವಿತ್ತು. ಬೆಂಚು ಮಾತ್ರ ಅಂದಿನಿಂದಲೇ ಕಾಯತೊಡಗಿತು.

ಎರಡನೇ ವರ್ಷದ ರಜೆಗೆ ಬಂದ ಅಕ್ಕ ಊಟಕ್ಕೆ ಕೂತು ದೊಡ್ಡಮ್ಮನನ್ನು ಕೇಳಿದಳು:

"ಅಮ್ಮಾ, ಬೆರಳು ಸುಟ್ರೆ ನೋವಾಗುತ್ತಲ್ಲ, ನೋವು ಅಂದ್ರೆ ಏನು?"

"ಸುಟ್ಕೊಂಡು ನೋಡು, ಗೊತ್ತಾಗ್ತದೆ."

"ಅಲ್ಲಮ್ಮ, ನರದಲ್ಲಿ ಕರೆಂಟು ಹೋಗುತ್ತೆ. ಕರೆಂಟು ಅಂದ್ರೆ ವಿದ್ಯುದಂಶ ಓಡಾಡೋದು. ಆ ವಿದ್ಯುದಂಶ ಅಂದ್ರೆ ಏನು ಸಾರ್ ಅಂತ ನಮ್ಮ ಮೇಷ್ಟ್ರನ್ನ ಕೇಳ್ದೆ. ಅದು ಸಿಲಬಸ್ಸಲ್ಲಿಲ್ಲ ಅಂದ್ರು."

"ಇನ್ನೊಂದು ಮುದ್ದೆ ಹಾಕ್ಲಾ? ಇದು ಸಿಲಬಸ್ಸಲ್ಲೈತೆ."

ಎಲ್ಲರೂ ನಕ್ಕೆವು. ಅಕ್ಕ ನಗಲಿಲ್ಲ ಎಂದು ಡೈರಿಯಲ್ಲಿದೆ. ಆ ರಜೆ ಮುಗಿಯುವಷ್ಟರಲ್ಲಿ ಅವಳು ಮೆಡಿಕಲ್ ಬಿಟ್ಟಿದ್ದಳು! ಫೇಲಾಗಿ ಬಿಟ್ಟಿದ್ದರೆ ಊರಿಗೆ ಅರ್ಥವಾಗುತ್ತಿತ್ತು. ಪ್ರೀತಿ ಗೀತಿ ಅಂತ ಬಿಟ್ಟಿದ್ದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತಿತ್ತು. ಒಳ್ಳೆಯ ಅಂಕ ತೆಗೆಯುತ್ತಿದ್ದ ಹುಡುಗಿ ಎಲೆಕ್ಟ್ರಾನಿನ ಹಿಂದೆ ಬಿಎಸ್ಸಿ ಫಿಸಿಕ್ಸಿಗೆ ಹೋದಳು ಎಂದರೆ ಯಾರಿಗೆ ತಾನೇ ಏನು ಅರ್ಥವಾಗಬೇಕು?

ದೊಡ್ಡಪ್ಪ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ವಿಚಾರಣೆ ನಡೆಸಿದರು.

"ಕಾರಣ ಹೇಳು."

"ನಿಜ ಅಂದ್ರೆ ಏನು ಅಂತ ಗೊತ್ತಾಗ್ಬೇಕಪ್ಪ."

"ಇಡೀ ಸರ್ವೀಸು ಕೋರ್ಟಲ್ಲಿ ಕಳೆದೆ. ನನಗೇ ಗೊತ್ತಾಗ್ಲಿಲ್ಲ. ನಿನಗೆ ಬಿಎಸ್ಸೀಲಿ ಗೊತ್ತಾಗ್ತದಾ?"

ಅವರು ಅವಳೊಂದಿಗೆ ನೇರವಾಗಿ ಆಡಿದ ಕೊನೆಯ ಮಾತು ಅದೇ. ಅಲ್ಲಿಂದ ಮುಂದೆ ಅವರ ಮಾತೆಲ್ಲ ನನ್ನ ಮೂಲಕ. ನಮ್ಮ ಕಡೆ ಮನೆಗಳಲ್ಲಿ ಇದೊಂದು ಪದ್ಧತಿ: ಮಾತು ಬಿಡುತ್ತಾರೆ, ಊಟ ಬಿಡಿಸುವುದಿಲ್ಲ. ಮಧ್ಯೆ ಒಬ್ಬರನ್ನು ಟಪಾಲಿಗೆ ಇಟ್ಟುಕೊಳ್ಳುತ್ತಾರೆ. ಇಬ್ಬರೂ ಒಂದೇ ಜಗಲಿಯಲ್ಲಿ ಎದುರುಬದುರು ಕೂತಿರುತ್ತಾರೆ. "ಲೇ ಮಗಾ, ಅವ್ಳಿಗೆ ಹೇಳು, ಬಿಸಿಲಲ್ಲಿ ತಿರುಗ್ಬೇಡ ಅಂತ" ಎನ್ನುತ್ತಾರೆ ದೊಡ್ಡಪ್ಪ. ನಾನು "ಅಕ್ಕಾ, ಬಿಸಿಲಲ್ಲಿ ತಿರುಗ್ಬೇಡ್ವಂತೆ" ಎನ್ನಬೇಕು. "ಆಯ್ತು ಅಂತ ಹೇಳೇ" ಎನ್ನುತ್ತಾಳೆ ಅಕ್ಕ. ನಾನು "ಆಯ್ತಂತೆ ದೊಡ್ಡಪ್ಪ" ಎನ್ನಬೇಕು. ಒಮ್ಮೆ ಸೋಮಾರಿತನದಿಂದ ಸುಮ್ಮನಿದ್ದೆ. ದೊಡ್ಡಪ್ಪ ಗದರಿದರು, "ನೀನು ಹೇಳ್ದಿದ್ರೆ ದಾಖಲಾಗಲ್ಲ!"

ಈ ಏರ್ಪಾಟಿನಲ್ಲೇ ಅಕ್ಕ ಬಿ.ಎಸ್ಸಿ. ಮುಗಿಸಿದಳು, ಎಂ.ಎಸ್ಸಿ. ಸೇರಿದಳು. ನಾನು ಎರಡು ಜನರ ನಾಲಗೆಯಾಗಿ ಬೆಳೆದೆ. ನನ್ನ ಸ್ವಂತ ಮಾತು ಯಾವುದು ಎಂದು ನನಗೇ ಕೆಲವೊಮ್ಮೆ ಅನುಮಾನ ಬರುವುದು ಬಹುಶಃ ಇದರಿಂದಲೇ.

ಪಾವಗಡಕ್ಕೆ ಕೊಟ್ಟಿರುವ ನಮ್ಮ ಸೋದರತ್ತೆಯ ಮನೆಗೆ ಒಮ್ಮೆ ಇಬ್ಬರೂ ಹೋಗಿದ್ದೆವು. ಅತ್ತೆಯ ಕನ್ನಡದಲ್ಲಿ ತೆಲುಗು ಎಷ್ಟಿದೆಯೋ ತೆಲುಗಿನಲ್ಲಿ ಕನ್ನಡವೂ ಅಷ್ಟೇ ಇದೆ. ಅಕ್ಕ ಚಪ್ಪಲಿ ಬಿಡುವ ಮೊದಲೇ ಅತ್ತೆ ತಮ್ಮ ಸೀರೆಯನ್ನು ಮಂಡಿಯವರೆಗೆ ಎತ್ತಿದರು.

"ಬಾಮ್ಮಾ, ಈ ಮೋಕಾಲು ಒಂಚೂರು ಚೂಡು. ಮೆಟ್ಲು ಹತ್ತಕ್ಕಾಗಲ್ದು."

"ಅತ್ತೆ, ನಾನೀಗ ಡಾಕ್ಟ್ರು ಓದ್ತಿಲ್ಲ."

"ಪೋನೀ ಬುಡು, ಓದಿದ್ದಷ್ಟು ಚೂಡು."

ಅಕ್ಕ ಮಂಡಿ ಹಿಡಿದು ನೋಡಿದಳು. ನೋಡಿ ಸುಮ್ಮನಿರಬಾರದೇ? "ಅತ್ತೆ, ನಿಜ ಹೇಳ್ಬೇಕಂದ್ರೆ ನನ್ನ ಕೈ ನಿಮ್ಮ ಮಂಡೀನ ಮುಟ್ಟೇ ಇಲ್ಲ. ಪರಮಾಣುಗಳು ಒಂದನ್ನೊಂದು ತಾಗೋದೇ ಇಲ್ಲ. ಮಧ್ಯೆ ಯಾವಾಗ್ಲೂ ಒಂಚೂರು ಜಾಗ ಉಳಿಯುತ್ತೆ. ದೂರದಿಂದ್ಲೇ ತಳ್ಳಾಡ್ತಾವೆ ಅಷ್ಟೆ. ಪ್ರಪಂಚದಲ್ಲಿ ಯಾರೂ ಯಾರನ್ನೂ ಮುಟ್ಟಿಲ್ಲ ಅತ್ತೆ!"

ಅತ್ತೆ ಇದನ್ನು ಗಂಭೀರವಾಗಿಯೇ ಕೇಳಿಸಿಕೊಂಡರು. ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸಾಗಿಸಿದರು. ಆಮೇಲೆ ಕೈಯೆತ್ತಿ ಅಕ್ಕನ ಬೆನ್ನಿಗೆ ಧೊಪ್ಪೆಂದು ಒಂದು ಕೊಟ್ಟರು.

"ಇದು ತಗಿಲಿಂದಾ, ಲೇದಾ?"

ಅಕ್ಕ ಬೆನ್ನು ಉಜ್ಜಿಕೊಳ್ಳುತ್ತಾ, "ತಗಿಲಿಂದಿ ಅತ್ತೆ" ಎಂದಳು. ತಾಗಿತು ಎಂದು ಒಪ್ಪಿಕೊಂಡಳು! "ಭೌತಶಾಸ್ತ್ರಕ್ಕೆ ಪಾವಗಡದಲ್ಲಿ ಸೋಲು" ಎಂದು ಅಂದಿನ ಡೈರಿಯಲ್ಲಿ ಬರೆದಿದ್ದೇನೆ.

ಎಂ.ಎಸ್ಸಿ.ಯ ಕೊನೆಯ ವರ್ಷ ಪ್ರಾಜೆಕ್ಟು ಮಾಡಬೇಕಿತ್ತು. ಎಲ್ಲರೂ ಕಂಪ್ಯೂಟರಿನ ಮುಂದೆ ಕೂತು ಮುಗಿಸುವಂಥದ್ದನ್ನು ಆರಿಸಿಕೊಂಡರೆ ನಮ್ಮಕ್ಕ ಮಧುಗಿರಿ ಬೆಟ್ಟವನ್ನು ತೂಗುತ್ತೇನೆ ಎಂದಳು! ತಮಾಷೆಗಲ್ಲ. ಇಂಥ ಏಕಶಿಲೆ ಪಕ್ಕದಲ್ಲಿದ್ದರೆ ದಾರಕ್ಕೆ ಕಟ್ಟಿದ ಗುಂಡು ನೇರ ಕೆಳಗೆ ತೂಗುವುದಿಲ್ಲವಂತೆ. ಬೆಟ್ಟ ಅದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದಂತೆ. ಎಷ್ಟು? ಕೂದಲಿನ ದಪ್ಪಕ್ಕಿಂತ ಕಡಿಮೆ. ಬೆಟ್ಟದ ಈ ಕಡೆಯೊಮ್ಮೆ ಆ ಕಡೆಯೊಮ್ಮೆ ಗುಂಡು ಇಳಿಬಿಟ್ಟು, ನೆತ್ತಿಯ ಮೇಲಿನ ಒಂದೇ ನಕ್ಷತ್ರವನ್ನು ದುರ್ಬೀನಿನಲ್ಲಿ ನೋಡಿ, ಅದಕ್ಕೂ ದಾರಕ್ಕೂ ಎಷ್ಟು ಓರೆ ಎಂದು ಅಳೆಯಬೇಕು. ಎರಡು ಕಡೆಯ ಲೆಕ್ಕದಲ್ಲಿ, ಆ ಎರಡು ಜಾಗಗಳ ದೂರದಿಂದ ಬರುವುದನ್ನು ಕಳೆದು ಉಳಿಯುವ ವ್ಯತ್ಯಾಸವೇ ಬೆಟ್ಟದ ಎಳೆತ. ಅದರಿಂದ ತೂಕ. ಅವಳ ಗೈಡು ಒಳ್ಳೆಯವರು. "ಇದು ಆಗೋ ಕೆಲ್ಸ ಅಲ್ಲಮ್ಮ. ಮಾಡು" ಎಂದರಂತೆ.

ಸುದ್ದಿಯನ್ನು ನಾನು ದೊಡ್ಡಪ್ಪನಿಗೆ ತಲುಪಿಸಿದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಅವ್ಳಿಗೆ ಹೇಳು. ಬೆಟ್ಟ ತೂಗಿದೆ ಅಂತ ಸಾಕ್ಷಿ ತರ್ಲಿ. ಆಮೇಲೆ ಮಾತಾಡೋಣ."

'ಮಾತಾಡೋಣ' ಎಂಬುದು ಬರೀ ಮಾತಿಗೆ ಬಂದ ಮಾತಿರಬಹುದು. ಆದರೆ ಅಕ್ಕ ಅದನ್ನು ನಿಜವೆಂದೇ ಹಿಡಿದು ಎದ್ದು ಒಳಗೆ ಹೋದಳು. ಆ ದಿನದಿಂದ ಅವಳಿಗೆ ಎಂ.ಎಸ್ಸಿ. ನೆಪ, ಬೆಟ್ಟ ನೆಪ. ಬೇಕಾಗಿದ್ದದ್ದು ಅಪ್ಪ ನೇರವಾಗಿ ಆಡುವ ಮಾತು. ಇದು ನನಗೆ ಆಗಲೇ ಹೊಳೆಯಿತೋ ಈಗ ಬರೆಯುವಾಗ ಹೊಳೆಯುತ್ತಿದೆಯೋ ತಿಳಿಯದು.

ಗಾರೆ ಕೆಲಸದವರು ಗೋಡೆ ನೇರವಿದೆಯೇ ಎಂದು ನೋಡಲು ಇಳಿಬಿಡುತ್ತಾರಲ್ಲ, ಅಂಥ ಕಬ್ಬಿಣದ ಗುಂಡೊಂದನ್ನು ತಂದು ಅಕ್ಕ ಬೆಟ್ಟದ ಬುಡದಲ್ಲಿ ಜಾಗ ಹುಡುಕತೊಡಗಿದಳು. ಕೈಯಲ್ಲಿ ದಾರ, ದಾರದ ತುದಿಯಲ್ಲಿ ಗುಂಡು, ಕಣ್ಣು ನೆಲದ ಮೇಲೆ. ಮಳೆ ಕಡಿಮೆಯಿರುವ ನಮ್ಮ ಸೀಮೆಯಲ್ಲಿ ಹೀಗೆ ಓಡಾಡುವವರು ಒಂದೇ ಜಾತಿಯ ಜನ: ಬೋರ್‌ವೆಲ್ಲಿಗೆ ಪಾಯಿಂಟ್ ಹಾಕುವವರು! ತೆಂಗಿನಕಾಯಿ ಹಿಡಿದು ನೀರು ನೋಡುವವರುಂಟು, ಬೇವಿನ ಕಡ್ಡಿ ಹಿಡಿದು ನೋಡುವವರುಂಟು. ಮೆಡಿಕಲ್ ಓದಿದವಳು ಗುಂಡು ಹಿಡಿದು ನೋಡುತ್ತಾಳೆ ಎಂದರೆ ಕೇಳಬೇಕೇ? ಜನ ನೆರೆದರು. ಕೊರಟಗೆರೆ ಕಡೆಯವರೊಬ್ಬರು, ಇಲ್ಲೇ ಬೆಟ್ಟದ ಹಿಂದೆ ಹೊಸದಾಗಿ ಹೊಲ ಕೊಂಡವರು, ಬೈಕಿಳಿದು ಬಂದರು.

"ಡಾಕ್ಟ್ರಮ್ಮಾ, ನಮ್ಮ ಹೊಲದಾಗೂ ಒಂದು ಪಾಯಿಂಟ್ ಹಾಕ್ಕೊಡ್ರಮ್ಮ."

"ಅಯ್ಯೋ, ಇದು ನೀರಿಗಲ್ಲಣ್ಣ. ಗುಂಡು ವಾಲುತ್ತಾ ಅಂತ ನೋಡ್ತಿದೀನಿ."

"ಯಾವ ಕಡೀಕೆ ವಾಲ್ತದೆ?"

"ಬೆಟ್ಟದ ಕಡೆ."

"ಅಂಗಾರೆ ನೀರು ಬೆಟ್ಟದ ಕಡೀಕೈತೆ ಅನ್ನಿ!"

ಅಕ್ಕ ಗುರುತ್ವಾಕರ್ಷಣೆಯ ಸಿದ್ಧಾಂತವನ್ನು ವಿವರಿಸುತ್ತಿರುವಾಗಲೇ ಅವರು ಬೈಕ್ ಹತ್ತಿ ಹೋಗಿಬಿಟ್ಟಿದ್ದರು. ಹೊಲದಲ್ಲಿ ಬೆಟ್ಟದ ಕಡೆಯ ಮೂಲೆಗೆ ಬೋರ್ ಹಾಕಿಸಿದರು. ನೀರು ಬಂತು! ಅದೂ ಎರಡಿಂಚು! ಮರುದಿನ ಒಂದು ಮೂಟೆ ಕಡಲೆಕಾಯಿ ತಂದು ದೊಡ್ಡಪ್ಪನ ಜಗಲಿಯಲ್ಲಿಳಿಸಿ, ರೋಗಿಗಳಿಗೆಂದು ಮಾಡಿಸಿದ್ದ ಬೆಂಚಿನ ಮೇಲೆ ಕೂತು ಕಾಫಿ ಕುಡಿದರು.

"ಅಣ್ಣಾ, ಅದು ಕಾಕತಾಳೀಯ," ಎಂದಳು ಅಕ್ಕ ಅಳುವ ದನಿಯಲ್ಲಿ.

"ಏನಾರ ಆಗ್ಲಿ ಬುಡಮ್ಮ. ನೀರು ಸಿಹಿಯಾಗೈತೆ."

ಆ ಬೆಂಚಿನ ಮೇಲೆ ಅಕ್ಕನನ್ನು ಹುಡುಕಿಕೊಂಡು ಬಂದು ಕೂತ ಮೊದಲ ಮನುಷ್ಯ ಅವರೇ. ದೊಡ್ಡಪ್ಪ ಮೂಟೆಯನ್ನು ನೋಡಿ, "ಅವ್ಳಿಗೆ ಹೇಳು, ಪ್ರಾಕ್ಟೀಸು ಚೆನ್ನಾಗಿ ನಡೀತಿದೆ ಅಂತ" ಎಂದರು.

ಅಕ್ಕ ಊರನ್ನು ಗೆದ್ದಳು, ಬೆಟ್ಟವನ್ನು ಗೆಲ್ಲಲಿಲ್ಲ. ಮೊದಲ ಸಲದ ಅಳತೆಯನ್ನೆಲ್ಲ ಲೆಕ್ಕ ಹಾಕಿದಾಗ ಗುಂಡು ಬೆಟ್ಟದಿಂದ ಆಚೆಗೆ ವಾಲಿತ್ತು. ಅಂದರೆ ಬೆಟ್ಟದ ತೂಕ ಸೊನ್ನೆಗಿಂತ ಕಡಿಮೆ! ಅಕ್ಕ ತಲೆಯ ಮೇಲೆ ಕೈಹೊತ್ತು ಕೂತಳು. ನಾನು ವಿಷಯ ತಲುಪಿಸಿದೆ.

"ಅವ್ಳಿಗೆ ಹೇಳು," ಎಂದರು ದೊಡ್ಡಪ್ಪ, "ಬೆಟ್ಟ ಹಾರಿಹೋಗೋದ್ರೊಳಗೆ ಬಂದು ಊಟ ಮಾಡು ಅಂತ."

ತಪ್ಪು ಗಾಳಿಯದು. ಹಗಲೆಲ್ಲ ಕಾದ ಬಂಡೆ ಸಂಜೆ ಗಾಳಿಯೆಬ್ಬಿಸುತ್ತದೆ. ದಾರ ಒಂದು ಕಡೆ ನಿಲ್ಲುವುದಿಲ್ಲ. ಗುಂಡನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟರೆ ಅದರ ಓಲಾಟ ನಿಲ್ಲುತ್ತದೆ ಎಂದು ಅಕ್ಕ ಕಂಡುಕೊಂಡಳು. ಕಡಲೆಕಾಯಿ ಮೂಟೆ ಗಾಣಕ್ಕೆ ಹೋಯಿತು, ಬಕೆಟ್ಟು ಎಣ್ಣೆಯಾಗಿ ಬಂತು. ದೊಡ್ಡಮ್ಮನಿಗೆ ಎದೆ ಒಡೆದಂತಾಯಿತು. "ಮದ್ವೆ ಮನೇಲೂ ಇಷ್ಟು ಎಣ್ಣೆ ನೋಡಿಲ್ಲ ಕಣಮ್ಮ, ಕಬ್ಬಿಣ ಕರೀತಾಳಂತೆ!" ಮುಂದೆ ಪ್ರಯೋಗ ಮುಗಿದ ಮೇಲೆ ಅದೇ ಎಣ್ಣೆಯನ್ನು ಸೋಸಿ ಕೋಡುಬಳೆ ಮಾಡಿದರು. ಅವನ್ನು ತಿಂದ ಮೇಲೆ ಗುರುತ್ವಾಕರ್ಷಣೆಯ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

ಎಣ್ಣೆಯಿಂದ ಬೆಟ್ಟದ ಆಚೆ ಕಡೆಯ ಅಳತೆ ಸರಿಯಾಗಿ ಸಿಕ್ಕಿತು. ಉಳಿದದ್ದು ಊರ ಕಡೆಯದು. ಕೊನೆಯ ದಿನದ ಮುಸ್ಸಂಜೆ ಬೆಟ್ಟದ ಬುಡದಲ್ಲಿ ಎಲ್ಲ ಸಿದ್ಧಮಾಡಿಕೊಂಡರೆ ಗಾಳಿ ಮೇಲಿನ ದಾರವನ್ನೇ ಹಿಡಿದು ಅಲುಗಿಸುತ್ತಿತ್ತು. ಮರುದಿನವೇ ದುರ್ಬೀನನ್ನು ಕಾಲೇಜಿಗೆ ಹಿಂದಿರುಗಿಸಬೇಕಿತ್ತು. ನಾನು ಸೆರಗು ಹಿಡಿದು ನಿಂತೆ, ಪ್ರಯೋಜನವಾಗಲಿಲ್ಲ. ಅಕ್ಕ ಎಣ್ಣೆ ಬಕೆಟ್ಟಿನ ಪಕ್ಕ ನೆಲದ ಮೇಲೆ ಕುಕ್ಕರಿಸಿದಳು. "ಆಗಲ್ಲ ಕಣೇ" ಎಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಆಗ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಅದರಿಂದ ದೊಡ್ಡಪ್ಪ ಇಳಿದರು. ಅವರ ಹಿಂದೆ ಬೆಂಚು ಇಳಿಯಿತು. ಹೌದು, ಅದೇ ಬೇವಿನ ಬೆಂಚು! ಡ್ರೈವರೂ ಅವರೂ ಸೇರಿ ಅದನ್ನು ಗಾಳಿಗೆ ಅಡ್ಡವಾಗಿ ಮಗ್ಗುಲಿಗೆ ನಿಲ್ಲಿಸಿದರು. ದೊಡ್ಡಪ್ಪ ಅದರ ಹಿಂದೆ ನಿಂತು, ಮನೆಯಿಂದ ತಂದ ಜಮಖಾನವನ್ನು ಎರಡು ಕೈಯಲ್ಲೂ ಎತ್ತಿ ಹಿಡಿದರು.

"ಅವ್ಳಿಗೆ ಹೇಳು," ಎಂದರು ಏದುಸಿರು ಬಿಡುತ್ತಾ, "ಈ ಬೆಂಚು ಮನೇಲಿ ಸುಮ್ನೆ ಜಾಗ ತಿಂತಿತ್ತು ಅಂತ."

ನಾನು ಹೇಳಿದೆ. ದಾಖಲಾಗಬೇಕಲ್ಲ!

ದಾರ ನಿಂತಿತು. ನಕ್ಷತ್ರ ಬಂತು. ಅಕ್ಕ ನೋಡಿದಳು, ಬರೆದಳು, ಮತ್ತೆ ನೋಡಿದಳು. ಮೊಬೈಲಿನ ಬೆಳಕಿನಲ್ಲಿ ಲೆಕ್ಕ ಹಾಕಿ ಎದ್ದು ಕೂಗಿದಳು ನೋಡಿ, "ವಾಲಿದೆ! ಬೆಟ್ಟದ ಕಡೇಗೇ ವಾಲಿದೆ!" ಪಕ್ಕದ ಟೀ ಅಂಗಡಿಯವರು ನೀರೇ ಬಂತೆಂದು ಓಡಿ ಬಂದರು. ಬೆಟ್ಟಕ್ಕೆ ಕೊನೆಗೂ ತೂಕ ಬಂದಿತ್ತು! ಆಗದ ಕೆಲಸ ಎಂದಿದ್ದ ಗೈಡು ಆ ಲೆಕ್ಕವನ್ನು ಮೂರು ಸಲ ತಿರುಗಿಸಿ ನೋಡಿ ಅವಳಿಗೆ ಕೈಮುಗಿದರಂತೆ. ಈಗ ಅವಳು ಸಂಶೋಧನೆ ಮಾಡುತ್ತಾಳೆ. ಕುರ್ಚಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಆದರೆ ನಾನು ಹೇಳಬೇಕೆಂದಿದ್ದದ್ದು ಆ ಸಂಜೆಯ ಇನ್ನೊಂದು ಸಂಗತಿ. ದೊಡ್ಡಪ್ಪ ಜಮಖಾನ ಕೆಳಗಿಟ್ಟು ಬಂದು ದುರ್ಬೀನಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ನಾನು ಅಭ್ಯಾಸದಂತೆ ಇಬ್ಬರ ನಡುವೆ ಹೋಗಿ ನಿಂತೆ. ಅವರು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಅಷ್ಟು ದೊಡ್ಡ ಬೆಟ್ಟ. ಇಷ್ಟೇನಾ ಎಳೆಯೋದು?"

"ಇಷ್ಟೇ ಅಪ್ಪ. ಗುಂಡೂ ಬೆಟ್ಟಾನ ಅಷ್ಟೇ ಎಳೆಯುತ್ತೆ."

"ಈ ಚೋಟುದ್ದದ ಗುಂಡಾ?"

"ಹೂಂ. ಒಂಚೂರೂ ಕಮ್ಮಿ ಇಲ್ಲ."

"ಬೆಟ್ಟಕ್ಕೆ ಅದು ಗೊತ್ತಾಗ್ತದಾ?"

ಅಕ್ಕ ಬೆಟ್ಟದ ಕಡೆ ತಿರುಗಿ ನೋಡಿದಳು. ದೊಡ್ಡಪ್ಪ ಅವಳ ತಲೆಯ ಮೇಲೆ ಕೈಯಿಟ್ಟರು.

"ಗೊತ್ತಾಗ್ತದೆ ಮಗಳೇ," ಎಂದರು. "ನಡಿ, ನಿಮ್ಮಮ್ಮ ಕಾಯ್ತಿರ್ತಾಳೆ."

ಡೈರಿಯಲ್ಲಿ ಹೀಗಿದೆ. 'ಮಗಳೇ' ಎಂದರೋ, ಅದು ನಾನು ಆಮೇಲೆ ಸೇರಿಸಿಕೊಂಡದ್ದೋ, ಆಣೆ ಮಾಡಿ ಹೇಳಲಾರೆ. ಮೊನ್ನೆ ಇದನ್ನು ಬರೆಯಲು ಕೂತಾಗ ಗೋಡೆಯಾಚೆಗೆ ಕೂಗಿ ಅಕ್ಕನನ್ನೇ ಕೇಳಿದೆ. ನನ್ನ ಡೈರಿಯನ್ನು ಯಾವತ್ತೂ ಒಪ್ಪದವಳು ಈ ಸಲ ಅಲ್ಲಗಳೆಯಲಿಲ್ಲ.

"ಮಾತು ನನಗೂ ನೆನಪಿಲ್ಲ ಕಣೇ," ಎಂದಳು. "ಕೈ ಮಾತ್ರ ತಗಿಲಿಂದಿ."