ಸಾಹೇಬರ ಪುದೀನ

ಪಕ್ಕದ ಮನೆಯ ರುಕ್ಮಿಣಮ್ಮನ ಹತ್ತಿರ ಉಮಾಶಂಕರ ಒಂದು ಹಿಡಿ ಪುದೀನ ಕೇಳಿದ್ದೇ ತಪ್ಪಾಯಿತು.

"ಯಾತಕ್ಕಪ್ಪ?" ಎಂದರು ಅವರು.

ವಿಸ್ಕಿಗೆ ಎನ್ನಲಾದೀತೇ? "ಒಟ್ಟೆನೋವು ಕಣಮ್ಮ" ಎಂದುಬಿಟ್ಟ.

ಪಿರಿಯಾಪಟ್ಟಣದ ಸರ್ಕಾರಿ ಕಚೇರಿಯೊಂದರಲ್ಲಿ ಅವನು ಗುಮಾಸ್ತ. ಯಾರನ್ನೋ ಕಾಕನಕೋಟೆ ಕಡೆಗೆ ವರ್ಗ ಮಾಡುತ್ತಾರೆಂದು ಸುದ್ದಿ ಎದ್ದಿತ್ತು. ಆನೆ ಓಡಾಡುವ ಆ ಕಾಡಂಚಿಗೆ ಹೋಗಲು ಯಾರಿಗೂ ಮನಸ್ಸಿಲ್ಲ. ಅದಕ್ಕೇ ಹೊಸ ಸಾಹೇಬರನ್ನು ಭಾನುವಾರ ಸಂಜೆ ಮನೆಗೆ ಕರೆದಿದ್ದ. ಸಾಹೇಬರ ರುಚಿಯ ಗುಟ್ಟು ಹೇಳಿಕೊಟ್ಟವನು ಜೊತೆಯ ಗುಮಾಸ್ತ ಕಂಠಪ್ಪ.

"ಬರೀ ವಿಸ್ಕಿ ಅವ್ರಿಗೆ ಆಗಕ್ಕಿಲ್ಲ ಕಣ್ಲಾ. ಪುದೀನ ಜಜ್ಜಿ, ಸಕ್ಕರೆ ಕಲಸಿ, ಐಸ್ ಪುಡಿ ಮಾಡಿ ಆಕ್ಬೇಕು. ಮೈಸೂರ್ನಾಗೆ ದೊಡ್ಡೋರೆಲ್ಲ ಅಂಗೇ ಕುಡಿಯೋದು."

ಐಸ್‌ಕ್ಯಾಂಡಿ ಅಂಗಡಿಯಿಂದ ಉಮಾಶಂಕರ ಐಸ್ ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ, ಹಸುಗೂಸನ್ನು ತರುವಂತೆ ಎದೆಗವಚಿಕೊಂಡು ತಂದ. ಹೊಟ್ಟೆನೋವಿನವನಿಗೆ ಐಸ್ ಯಾಕೆಂದು ಬೀದಿಯೇ ಯೋಚಿಸಿತು. ಜ್ವರ ನೆತ್ತಿಗೇರಿದೆ ಎಂದು ತಾನೇ ತೀರ್ಮಾನಿಸಿತು.

ಹೆಂಡತಿ ರಾಧಾ ಗೊಣಗುತ್ತಲೇ ಪುದೀನ ಜಜ್ಜಿದಳು. ಉಮಾಶಂಕರ ಅರ್ಧಕ್ಕಿಂತ ಹೆಚ್ಚು ಸೊಪ್ಪನ್ನು ಚೊಂಬಿಗೆ ಹಾಕಿ, ಸಕ್ಕರೆ ಕಲಸಿ, ಬಾಟಲಿಯ ವಿಸ್ಕಿಯನ್ನೆಲ್ಲ ಸುರಿದು, ಐಸ್ ಪುಡಿ ತುಂಬಿದ. ಅಷ್ಟರಲ್ಲಿ ರುಕ್ಮಿಣಮ್ಮ ಇನ್ನಿಬ್ಬರು ಹೆಂಗಸರ ಜೊತೆ ರೋಗಿಯನ್ನು ನೋಡಲು ಒಳಗೇ ಬಂದರು. ಬಾಟಲಿ ಅಕ್ಕಿ ಡಬ್ಬದ ಹಿಂದೆ ಸೇರಿತು. ಚೊಂಬು ಮಾತ್ರ ನಡುಮನೆಯಲ್ಲೇ ಉಳಿಯಿತು.

"ಇದೇನಪ್ಪ, ಕಷಾಯವಾ?"

"ಊಂ ಕಣಮ್ಮ."

"ನಂಗೂ ಬೆಳಗಿಂದ ವಾಯು. ಒಂದ್ ಲೋಟ ಕೊಡು."

ಸದಾ ಹೊಗೆಸೊಪ್ಪು ಅಗಿಯುವ ರುಕ್ಮಿಣಮ್ಮನ ಮೂಗಿಗೆ ಬೇರೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಒಂದು ಲೋಟ ಇಳಿಯುತ್ತಲೇ, ಮಗಳಿಗೆ ಗಂಡು ಒಪ್ಪಿದ ಸುದ್ದಿ ಕೇಳಿದವರಂತೆ ಮುಖ ಅರಳಿತು. "ಒಸಿ ಗಾಟು. ಆದ್ರೆ ವಾಯು ಕಿತ್ಕೊಂಡ್ ಓಯ್ತು ನೋಡ್ರೇ" ಎಂದು ಉಳಿದಿಬ್ಬರಿಗೂ ತಾವೇ ಬಗ್ಗಿಸಿದರು. ಬೇಡವೆನ್ನಲು ಉಮಾಶಂಕರನಿಗೆ ಕಾರಣವೇ ಸಿಗಲಿಲ್ಲ. ಚೊಂಬು ಬರಿದಾಯಿತು. ಇಬ್ಬರು ಗೋಡೆ ಹಿಡಿದುಕೊಂಡು ಮನೆಗೆ ಹೋದರು. ರುಕ್ಮಿಣಮ್ಮ ಜಗಲಿಯಲ್ಲಿ ಸೋಬಾನೆ ಹಾಡುತ್ತ ಕುಳಿತರು.

ಸಾಹೇಬರ ಜೀಪು ಬಂದು ನಿಂತಿತು.

ಬೇರೆ ದಾರಿಯಿಲ್ಲದೆ ಉಮಾಶಂಕರ ಉಳಿದ ಪುದೀನಕ್ಕೆ ಸಕ್ಕರೆ ನೀರು ಬೆರೆಸಿ, ಐಸ್ ಹಾಕಿ ಲೋಟ ಕೊಟ್ಟ. ಸಾಹೇಬರು ಮೂಸಿ ನೋಡಿದರು. ಒಂದು ಗುಟುಕು ಕುಡಿದರು. ಆಮೇಲೆ ಅವನನ್ನೇ ದಿಟ್ಟಿಸಿದರು.

"ಇದ್ರಲ್ಲಿ ಬೇರೇನೂ ಇಲ್ವಾ?"

"ಇಲ್ಲ ಸಾರ್" ಎಂದ ಉಮಾಶಂಕರ, ಅಳು ನುಂಗಿಕೊಂಡು.

"ನಾನು ಕುಡಿಯೋದು ಬಿಟ್ಟು ವರ್ಷ ಆಯ್ತು. ಯಾರೂ ನಂಬಲ್ಲ. ಹೋದಲ್ಲೆಲ್ಲ ಬಾಟಲಿನೇ ಇಡ್ತಾರೆ."

ಜಗಲಿಯಿಂದ ರುಕ್ಮಿಣಮ್ಮ ತೂರಾಡುತ್ತ ಬಂದು ಬಾಗಿಲಿಗೆ ಒರಗಿದರು. "ಚಿನ್ನದಂತ ಉಡುಗ ಕಣ್ರೀ. ಒಂದ್ ಚಟ ಇಲ್ಲ. ಬೀದಿಗೆಲ್ಲ ಕಷಾಯ ಕಾಸಿ ಕುಡುಸ್ತಾನೆ."

ಸಾಹೇಬರ ಕಣ್ಣು ತುಂಬಿ ಬಂತು. "ಕಾಕನಕೋಟೆ ಕಡೆ ನಮ್ಮ ಶಾಖೆ ಕುಡುಕರಿಂದ ಹಾಳಾಗ್ತಿದೆ ಉಮಾಶಂಕರ್. ನಿಮ್ಮಂಥವರೇ ಅಲ್ಲಿರ್ಬೇಕು. ನಾಳೆನೇ ಆರ್ಡರ್ ಹಾಕ್ತೀನಿ."

ಉಮಾಶಂಕರ ಕೈಮುಗಿದ. "ಸಾರ್, ಕಂಠಪ್ಪ ನನಗಿಂತ ಸೀನಿಯರ್ರು..."

"ಅವರಾ? ನಿನ್ನೆ ನಮ್ಮನೆಗೆ ಎರಡು ಬಾಟಲಿ ತಂದಿದ್ರು. ಅಂಥವರನ್ನ ದೂರ ಕಳಿಸೋಕಾಗುತ್ತಾ? ಅವರು ಇಲ್ಲೇ, ನನ್ನ ಕಣ್ಣೆದುರಿಗೇ ಇರ್ಲಿ."