ಅತ್ತೆ ಒಲ್ಲದ ಬಿದಿರಿನ ಮಂಚ

ನಮ್ಮ ಭಾವನವರಿಗೆ ತಲೆ ಸರಿಯಿಲ್ಲ ಎಂದು ಹೊಸಹಳ್ಳಿಯಲ್ಲಿ ಹೇಳದವರೇ ಇರಲಿಲ್ಲ. ಶುದ್ಧ ಸುಳ್ಳು! ತಲೆ ಸರಿಯಾಗಿಯೇ ಇತ್ತು. ಅದರೊಳಗೆ ಬಿದಿರು ಬಿಟ್ಟು ಬೇರೇನೂ ಇರಲಿಲ್ಲ, ಅಷ್ಟೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಐವತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದಾಗ ಆಚೆ ರಾಜಾಜಿನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಹೊಸ ಮನೆಯೆಂದ ಮೇಲೆ ತೇಗದ ಕುರ್ಚಿ ಮೇಜು ಬೇಡವೇ? ಜನ ಬಡಗಿಗಳ ಹಿಂದೆ ಅಲೆಯುತ್ತಿದ್ದರು. ನಮ್ಮ ಭಾವ ಮಾತ್ರ ರಾಗಿ ಹೊಲದ ಅಂಚಿನಲ್ಲಿ ಶೆಡ್ಡು ಹಾಕಿಕೊಂಡು ಬಿದಿರಿನಲ್ಲೇ ಕುರ್ಚಿ, ಮೇಜು, ಕಪಾಟು ಕಟ್ಟುತ್ತಿದ್ದರು. ತೇಗ ಕಡಿದವನು ಅದರ ಜಾಗದಲ್ಲಿ ಇನ್ನೊಂದು ದೊಡ್ಡದಾಗುವುದನ್ನು ನೋಡಲು ಬದುಕಿರುವುದಿಲ್ಲ, ಬಿದಿರಾದರೆ ಕುರ್ಚಿ ಸವೆಯುವುದರೊಳಗೆ ಮೆಳೆ ಮತ್ತೆ ತುಂಬಿಕೊಂಡಿರುತ್ತದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಬಿದಿರು ಕಡಿಯುವುದು ಕೃಷ್ಣಪಕ್ಷದಲ್ಲಿ ಮಾತ್ರ. ಕಡಿದದ್ದನ್ನು ವಾರಗಟ್ಟಲೆ ಕೆರೆಯಲ್ಲಿ ನೆನೆಹಾಕಬೇಕು. ಆಗ ಒಳಗಿನ ಸಿಹಿಯೆಲ್ಲ ಹೋಗಿ ಹುಳು ಹತ್ತಿರ ಬರುವುದಿಲ್ಲವಂತೆ. ಹುಳುವಿನ ಮಾತು ಹಾಗಿರಲಿ, ನೆನೆದ ಬಿದಿರಿನ ವಾಸನೆಗೆ ನೆಂಟರೂ ಹತ್ತಿರ ಬರುತ್ತಿರಲಿಲ್ಲ! ದಿನವೂ ಅಡುಗೆಮನೆಯಲ್ಲಿ ಬೇಯುತ್ತಿದ್ದ ಹೊಸ ಸೊಸೆಗೆ ಅದಕ್ಕಿಂತ ದೊಡ್ಡ ಉಪಕಾರ ಯಾವುದು?

ಒಮ್ಮೆ ರಾಜಾಜಿನಗರದಿಂದ ಅಧಿಕಾರಿಯೊಬ್ಬರು ಕುರ್ಚಿ ಬೇಕೆಂದು ಬಂದರು. ಭಾವ ವಿಚಾರಣೆ ಶುರುಮಾಡಿದರು. ಮನೆ ಯಾವ ದಿಕ್ಕಿಗಿದೆ, ಬಿಸಿಲು ಎಲ್ಲಿ ಬೀಳುತ್ತದೆ, ಮನೆಯಲ್ಲಿ ಸಿಟ್ಟಿನವರು ಯಾರಾದರೂ ಇದ್ದಾರೆಯೇ, ಕುರ್ಚಿಯನ್ನು ಎತ್ತಿಡುತ್ತಾರೋ ಎಳೆದಾಡುತ್ತಾರೋ, ಒಂದೇ ಎರಡೇ! ಅಧಿಕಾರಿಗಳು ಬಹಳ ಹೊತ್ತು ತಾಳ್ಮೆಯಿಂದ ಉತ್ತರ ಕೊಟ್ಟರು.

"ರೀ ಸ್ವಾಮಿ, ನಾನು ಕೇಳೋಕೆ ಬಂದಿರೋದು ಕುರ್ಚಿ. ನಿಮ್ಮ ಮಗಳನ್ನಲ್ಲ" ಎಂದರು ಕೊನೆಗೆ.

ಹೀಗೆ ಕುರ್ಚಿಗಳು ನಿಧಾನವಾಗಿ ಮನೆ ಸೇರುತ್ತಿದ್ದವು. ಕಷ್ಟ ಬಂದದ್ದು ಮಂಚಕ್ಕೆ. ನೆಲದ ಮೇಲೆ ಮಲಗಿ ಮಲಗಿ ಅತ್ತೆಗೆ ಬೆನ್ನುನೋವು. ಭಾವ ತಾಯಿಗೆಂದೇ ಒಂದು ಮಂಚ ಹೆಣೆದರು. ಒಂದೊಂದು ಸೀಳನ್ನೂ ತಮ್ಮ ಕೆನ್ನೆಗೆ ಉಜ್ಜಿ ನೋಡಿ, ಚುಚ್ಚಿದರೆ ಮತ್ತೆ ಹೆರೆದರು. ಅತ್ತೆ ಹೊಸ್ತಿಲಿಗೆ ಅಡ್ಡ ನಿಂತರು. ಬಿದಿರಿನ ಮೇಲೆ ಮನುಷ್ಯರನ್ನು ಮಲಗಿಸುವುದು ಯಾವಾಗ? ಚಟ್ಟ ಕಟ್ಟಿದಾಗ!

"ಗೌರಿ ಹಬ್ಬಕ್ಕೆ ಮೊರದ ಬಾಗಿನ ಕೊಡ್ತೀಯಲ್ಲವ್ವ, ಅದು ಬಿದಿರಲ್ವಾ?" ಎಂದು ಭಾವ ಕೇಳಿದರು.

"ಮೊರದ ಮೇಲೆ ಯಾರೂ ಮಲಗಲ್ಲ ಕಣೋ" ಎಂದರು ಅತ್ತೆ.

ಮಂಚ ಶೆಡ್ಡಿಗೆ ವಾಪಸಾಯಿತು. ಹೆತ್ತ ತಾಯಿಯೇ ಒಲ್ಲದ ಮಂಚವನ್ನು ಊರಿನಲ್ಲಿ ಯಾರು ಕೊಳ್ಳುತ್ತಾರೆ? ನಮ್ಮ ಕೋಳಿಗಳಿಗೆ ಮಾತ್ರ ಈ ಶಾಸ್ತ್ರ ಗೊತ್ತಿರಲಿಲ್ಲ, ಅವು ಅದರ ಮೇಲೆ ಸುಖವಾಗಿ ಮಲಗಿದವು. ಭಾವ ದಿನಾ ಬೆಳಗ್ಗೆ ಅವನ್ನು ಓಡಿಸಿ ಮಂಚ ಒರೆಸಿಡುತ್ತಿದ್ದರು. ಮಾರುವ ಆಸೆಯಿಂದಲ್ಲ. ಅವ್ವ ಒಂದು ದಿನವಾದರೂ ಅದರ ಮೇಲೆ ಮಲಗಬೇಕು, ಅವರಿಗೆ ಬೇಕಾದದ್ದು ಅಷ್ಟೆ. ಅದೊಂದು ವಿಷಯದಲ್ಲಿ ನನಗೂ ಅವರನ್ನು ಕಂಡರೆ ನಗು ಬರುತ್ತಿರಲಿಲ್ಲ.

ಆಮೇಲೊಂದು ಬೆಳಗ್ಗೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಏಟು ಮಾಡಿಕೊಂಡರು. ಎತ್ತಿನ ಗಾಡಿ ಕಟ್ಟಿದೆವು. ಚಕ್ರ ಉರುಳಿದ್ದೇ ತಡ, ನೋವಿಗೆ ಚೀರಿದರು. ಭಾವ ಶೆಡ್ಡಿನಿಂದ ಮಂಚ ತಂದರು. ಅತ್ತೆ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಬೇಡ ಎನ್ನುವ ತ್ರಾಣವೂ ಇರಲಿಲ್ಲ.

ನನ್ನ ಗಂಡ ಮತ್ತು ಪಕ್ಕದ ಮನೆಯ ಮೂವರು ಹೆಗಲು ಕೊಟ್ಟರು. ಚಳಿಯಾಗದಿರಲಿ ಎಂದು ನಾನು ಬಿಳಿ ಪಂಚೆ ಹೊದಿಸಿ ಪಕ್ಕದಲ್ಲೇ ಹೊರಟೆ. ದಾರಿಯಲ್ಲಿ ಬಾಯಾರಿದರೆ ಎಂದು ಭಾವ ಮಣ್ಣಿನ ಮಡಕೆಯಲ್ಲಿ ನೀರು ಹಿಡಿದು ಮುಂದೆ ಹೊರಟರು. ನೀವೇ ಹೇಳಿ, ಹಿರಿಮಗ ಮುಂದೆ, ಕೈಯಲ್ಲಿ ಮಡಕೆ, ಹಿಂದೆ ಬಿದಿರು! ಮಾಗಡಿ ರಸ್ತೆಯ ಜನ ಏನೆಂದುಕೊಳ್ಳಬೇಕು? ಮುದುಕರೊಬ್ಬರು ಪೇಟ ತೆಗೆದು ನಿಂತರು. ಸೈಕಲ್ಲಿನವನೊಬ್ಬ ಇಳಿದು ಹತ್ತಿರ ಬಂದು ಕೈಮುಗಿದ.

ಪಂಚೆಯೊಳಗಿಂದ ತಲೆ ಎದ್ದಿತು. "ಇನ್ನೂ ಹೋಗಿಲ್ಲ ಕಣಪ್ಪಾ. ಆಸ್ಪತ್ರೆಗೆ ಹೋಗ್ತಾ ಇದೀನಿ."

ಅವನು ಸೈಕಲ್ಲು ಅಲ್ಲೇ ಬಿಟ್ಟು ಓಡಿದ!

ನಮಗೆಲ್ಲ ನಗು ತಡೆಯಲಾಗಲಿಲ್ಲ. ಭಾವನ ಮುಖ ಮಾತ್ರ ಬಿಳಿಚಿಕೊಂಡಿತು. ತಾವು ಹೇಗೆ ಕಾಣುತ್ತಿದ್ದೇವೆಂದು ಆಗಷ್ಟೇ ಅವರಿಗೆ ಹೊಳೆದಿರಬೇಕು. ಮಂಚದ ಪಕ್ಕಕ್ಕೆ ಬಂದು ನಿಂತರು.

"ತಪ್ಪಾಯ್ತು ಕಣವ್ವ. ಇಳಿಸ್ತೀನಿ. ಈ ಮಂಚ ಇನ್ನು ನಿನ್ನ ಕಣ್ಣಿಗೆ ಬೀಳಲ್ಲ."

ಅತ್ತೆ ಕೈ ಚಾಚಿ ಅವರ ಕೆನ್ನೆ ಮುಟ್ಟಿದರು. ಬಿದಿರು ಉಜ್ಜಿದ ಗೀರುಗಳು ಅಲ್ಲಿ ಇನ್ನೂ ಇದ್ದವು.

"ಸತ್ತ ಮೇಲೆ ಎಲ್ಲಾರ ಮಕ್ಕಳೂ ಹೊರ್ತಾರೆ. ನೀನು ಬದುಕಿರೋವಾಗ್ಲೇ ಹೊರಿಸಿದೀಯ. ಎಲ್ಲೂ ಚುಚ್ಚಲ್ಲ ಕಣೋ ಇದು. ವಾಪಸ್ ಹೋದ್ಮೇಲೆ ನನ್ನ ಕೋಣೇಲೇ ಹಾಕು."

ಭಾವ ಮಡಕೆಯನ್ನು ನನ್ನ ಕೈಗೆ ಕೊಟ್ಟರು. ತಮ್ಮನನ್ನು ಸರಿಸಿ ತಾವೇ ಹೆಗಲು ಕೊಟ್ಟರು. ಆಸ್ಪತ್ರೆ ಬರುವವರೆಗೂ ಬಿದಿರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಳುತ್ತಲೇ ನಡೆದರು.